ರಸ್ತೆ ದಾಟುವ ಪೈಪು: ರಷ್ಯಾದ ಊರುಗಳ ಫೋಟೋಗಳನ್ನು ಓದುವುದು ಹೇಗೆ

ವ್ಲಾದಿಮಿರ್ ಊರಿನ ಅಂಚಿನಲ್ಲಿ ತೆಗೆದ ಒಂದು ಫೋಟೋ ನನ್ನ ಹತ್ತಿರ ಇದೆ. ಹಿಮ ತುಂಬಿದ ಅಡ್ಡರಸ್ತೆ. ರಸ್ತೆಯ ಪಕ್ಕದಲ್ಲೇ, ಮೊಣಕಾಲೆತ್ತರದಲ್ಲಿ, ಬೆಳ್ಳಿ ಬಣ್ಣದ ತಗಡು ಸುತ್ತಿದ ಎರಡು ದಪ್ಪ ಪೈಪುಗಳು ಬರುತ್ತವೆ. ಅಡ್ಡರಸ್ತೆ ಸಿಕ್ಕ ಕೂಡಲೇ ಎರಡೂ ನೆಟ್ಟಗೆ ಮೇಲಕ್ಕೆ ಏಳುತ್ತವೆ, ಲಾರಿ ನುಸುಳುವಷ್ಟು ಎತ್ತರದಲ್ಲಿ ರಸ್ತೆ ದಾಟುತ್ತವೆ, ಆಚೆ ಬದಿಯಲ್ಲಿ ಮತ್ತೆ ಇಳಿದು ತಮ್ಮ ಪಾಡಿಗೆ ಮುಂದೆ ಹೋಗುತ್ತವೆ. ನೋಡಲು ಊರ ಹೆಬ್ಬಾಗಿಲಿನ ಹಾಗೇ ಇದೆ. ಅದರ ಕೆಳಗೆ ಒಬ್ಬರು ಅಜ್ಜಿ ಚಕ್ರದ ಕೈಚೀಲ ಎಳೆದುಕೊಂಡು ಹೋಗುತ್ತಿದ್ದಾರೆ.

ಈ ಫೋಟೋ ನೋಡಿದವರೆಲ್ಲ ಕೇಳೋದು ಒಂದೇ ಪ್ರಶ್ನೆ. ಇದೇನು ಪೈಪು, ಊರ ಮಧ್ಯೆ ಹೀಗೆ ಯಾಕೆ ಬಿಟ್ಟಿದ್ದಾರೆ? ಉಳಿದ ಫೋಟೋಗಳನ್ನು ನೋಡಿ ಜಾಸ್ತಿ ಜನ ಹೇಳಿದ್ದು ಇನ್ನೊಂದು ಮಾತು: "ಎಲ್ಲಾ ಕಟ್ಟಡಗಳೂ ಒಂದೇ ಥರ ಇವೆಯಲ್ಲ, ಬರೀ ಬೂದು ಬಣ್ಣ." ಈ ಮಾತು ನನಗೆ ಸ್ವಲ್ಪ ಬೇಜಾರು ತಂದಿತು. ಅವರು ಹೇಳಿದ್ದು ಸುಳ್ಳಲ್ಲ. ಫೋಟೋದಲ್ಲಿ ಕಾಣುವುದು ಹಾಗೇ. ಆದರೆ ರಷ್ಯಾದ ಊರುಗಳಲ್ಲಿ ಬೀದಿಗೆ ಕಾಣುವುದು ಮನೆಯ ಬೆನ್ನು, ಮುಖ ಒಳಗಡೆ ಇರುತ್ತದೆ. ಬೀದಿಯಲ್ಲಿ ನಿಂತು ಕ್ಯಾಮೆರಾ ಒತ್ತಿದರೆ ಬೆನ್ನಿನ ಚಿತ್ರವೇ ಸಿಗೋದು. ಆ ಬೆನ್ನಿನ ಮೇಲಿನ ಒಂದೊಂದು ಗುರುತಿಗೂ ಒಂದು ಕಾರಣ ಇದೆ. ಅದು ಗೊತ್ತಾದರೆ ಅದೇ ಫೋಟೋ ಬೇರೆಯಾಗಿ ಕಾಣುತ್ತದೆ. ಫೆಬ್ರವರಿ ಕೊನೆಯಿಂದ ಮೂರು ವಾರ ಮಾಸ್ಕೋ, ವ್ಲಾದಿಮಿರ್, ಸುಜ್ದಾಲ್, ಪೀಟರ್ಸ್‌ಬರ್ಗ್, ತ್ವೇರ್ ಸುತ್ತಿ ಬಂದ ಮೇಲೆ ನನಗೆ ಅರ್ಥವಾದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಪೈಪಿನ ಕಥೆ. ಅದರಲ್ಲಿ ಹರಿಯುವುದು ಬಿಸಿನೀರು. ನಮ್ಮ ಕಡೆ ನೀರು ಕಾಯಿಸೋದು ಅವರವರ ಮನೆ ಕೆಲಸ. ಹಂಡೆಯೋ, ಗೀಸರೋ, ಸೋಲಾರೋ, ಏನೋ ಒಂದು. ರಷ್ಯಾದ ನಗರಗಳಲ್ಲಿ ಹಾಗಲ್ಲ, ಊರಿಗೆಲ್ಲ ಸೇರಿ ನೀರು ಕಾಯುತ್ತದೆ. ವಿದ್ಯುತ್ ಕೇಂದ್ರದಲ್ಲಿ ಹಬೆಯಿಂದ ಟರ್ಬೈನ್ ತಿರುಗಿಸುತ್ತಾರೆ. ತಿರುಗಿಸಿದ ಮೇಲೂ ಆ ಹಬೆಯಲ್ಲಿ ಬೇಕಾದಷ್ಟು ಬಿಸಿ ಉಳಿದಿರುತ್ತದೆ. ಅದನ್ನು ಗಾಳಿಗೆ ಬಿಡುವ ಬದಲು ನೀರು ಕಾಯಿಸಲು ಬಳಸುತ್ತಾರೆ. ಆ ನೀರು ಪೈಪಿನಲ್ಲಿ ಮೈಲಿಗಟ್ಟಲೆ ಹರಿದು ಮನೆಗಳ ರೇಡಿಯೇಟರುಗಳಿಗೆ ಬಿಸಿ ಕೊಟ್ಟು, ತಣ್ಣಗಾಗಿ, ಪಕ್ಕದ ಇನ್ನೊಂದು ಪೈಪಿನಲ್ಲಿ ವಾಪಸ್ಸು ಹೋಗುತ್ತದೆ. ಫೋಟೋದಲ್ಲಿ ಪೈಪು ಜೋಡಿಯಾಗಿ ಇರೋದು ಇದಕ್ಕೇ. ಒಂದು ಹೋಗಲು, ಇನ್ನೊಂದು ಬರಲು. 1924ರಲ್ಲಿ ಲೆನಿನ್‌ಗ್ರಾದಿನಲ್ಲಿ, ಅಂದರೆ ಇವತ್ತಿನ ಪೀಟರ್ಸ್‌ಬರ್ಗಿನಲ್ಲಿ, ಈ ಪದ್ಧತಿ ಒಂದು ಮನೆಯಿಂದ ಶುರುವಾಯಿತು. ಆಮೇಲೆ ದೇಶದ ಉದ್ದಗಲಕ್ಕೂ ಹಬ್ಬಿತು.

ಸರಿ, ಪೈಪನ್ನು ನೆಲದೊಳಗೆ ಹೂಳಬಹುದಿತ್ತಲ್ಲ? ದೊಡ್ಡ ನಗರಗಳ ನಡುಭಾಗದಲ್ಲಿ ಹೂಳಿದ್ದಾರೆ. ಊರ ಅಂಚಿನಲ್ಲಿ, ಕಾರ್ಖಾನೆ ಇರುವ ಕಡೆ, ನೆಲದಲ್ಲಿ ನೀರು ಜಾಸ್ತಿ ಇರುವ ಕಡೆ ಮೇಲೆಯೇ ಬಿಡುತ್ತಾರೆ. ಅಗೆಯುವ ಖರ್ಚು ಉಳಿಯುತ್ತದೆ, ಸೋರಿದರೆ ಥಟ್ಟನೆ ಗೊತ್ತಾಗುತ್ತದೆ, ರಿಪೇರಿಯೂ ಸುಲಭ. ಸೈಬೀರಿಯಾದ ಯಾಕುತ್ಸ್ಕ್‌ನಂತಹ ಊರಿನಲ್ಲಂತೂ ಬೇರೆ ದಾರಿಯೇ ಇಲ್ಲ. ಅಲ್ಲಿನ ನೆಲ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಬಿಸಿ ಪೈಪನ್ನು ಹೂತರೆ ನೆಲ ಕರಗಿ ಕುಸಿಯುತ್ತದೆ. ಅದಕ್ಕೇ ಅಲ್ಲಿ ಮನೆಗಳನ್ನೂ ಕಂಬಗಳ ಮೇಲೆ ಎತ್ತಿ ಕಟ್ಟುತ್ತಾರೆ, ಕೆಳಗೆ ಚಳಿಗಾಳಿ ಆಡಲಿ ಅಂತ.

ಇನ್ನು ಆ ಹೆಬ್ಬಾಗಿಲಿನ ಆಕಾರ. ರಸ್ತೆಯೇ ಇಲ್ಲದ ಖಾಲಿ ಜಾಗದಲ್ಲೂ ಪೈಪು ಸುಮ್ನೆ ಪಕ್ಕಕ್ಕೆ ತಿರುಗಿ, ಸ್ವಲ್ಪ ದೂರ ಹೋಗಿ, ಮತ್ತೆ ವಾಪಸ್ಸು ಬಂದು ಮುಂದೆ ಹೋಗುವುದನ್ನು ನೋಡಿದೆ. ಕಾರಣ ಸರಳ. ಬಿಸಿಯಾದ ಕಬ್ಬಿಣ ಉದ್ದವಾಗುತ್ತದೆ. 100 ಮೀಟರ್ ಉದ್ದದ ಉಕ್ಕಿನ ಪೈಪು 100 ಡಿಗ್ರಿ ಬಿಸಿ ಏರಿದರೆ ಸುಮಾರು 12 ಸೆಂಟಿಮೀಟರ್ ಬೆಳೆಯುತ್ತದೆ. ನೇರವಾಗಿ ಹಾಕಿದರೆ ಆ ಬೆಳವಣಿಗೆಗೆ ಜಾಗ ಇಲ್ಲದೆ ಪೈಪು ಬಾಗುತ್ತದೆ, ಇಲ್ಲವೇ ಬೆಸುಗೆ ಬಿಡುತ್ತದೆ. ಮಧ್ಯೆ ಮಧ್ಯೆ ಹೀಗೆ ಬಳಸು ಕೊಟ್ಟರೆ ಆ ಬಾಗಿದ ಭಾಗ ಸ್ವಲ್ಪ ಬಳುಕಿ ಎಳೆತವನ್ನೆಲ್ಲ ತಾಳಿಕೊಳ್ಳುತ್ತದೆ. ರಸ್ತೆಯ ಮೇಲೆ ಹಾದರೆ ಎರಡು ಕೆಲಸ ಒಟ್ಟಿಗೆ ಆಯಿತು. ಬಳಸೂ ಸಿಕ್ಕಿತು, ಲಾರಿಗೆ ದಾರಿಯೂ ಸಿಕ್ಕಿತು.

ಇಷ್ಟು ಗೊತ್ತಾದ ಮೇಲೆ ಬೇರೆ ಫೋಟೋಗಳೂ ಮಾತಾಡತೊಡಗುತ್ತವೆ. ಹೊರಗೆ ಮೈನಸ್ 15 ಡಿಗ್ರಿ, ಆದರೂ ಎಷ್ಟೋ ಮನೆಗಳ ಕಿಟಕಿಯ ಮೂಲೆಯಲ್ಲಿ ಒಂದು ಪುಟ್ಟ ಕದ ತೆರೆದೇ ಇರುತ್ತದೆ. ಅದಕ್ಕೆ ಫೋರ್ತೊಚ್ಕಾ ಅನ್ನುತ್ತಾರೆ. ಬಿಸಿ ಊರಿನ ಲೆಕ್ಕದಲ್ಲಿ ಬರುತ್ತದೆ. ಹಳೆಯ ಮನೆಗಳಲ್ಲಿ ಅದನ್ನು ಕಡಿಮೆ ಮಾಡುವ ತಿರುಪು ಇರುವುದಿಲ್ಲ. ಒಳಗೆ ಸೆಕೆಯಾದರೆ ಇರುವ ದಾರಿ ಅದೊಂದೇ, ಆ ಪುಟ್ಟ ಕದ ತೆಗೆಯೋದು. ನಾನು ಉಳಿದಿದ್ದ ಮನೆಯಲ್ಲಿ ಎಲ್ಲರೂ ಅರೆತೋಳಿನ ಅಂಗಿಯಲ್ಲೇ ಇರುತ್ತಿದ್ದರು. ಯಾವತ್ತು ಬಿಸಿ ಶುರು ಅನ್ನೋದಕ್ಕೂ ನಿಯಮ ಇದೆ. ಶರತ್ಕಾಲದಲ್ಲಿ ಸತತ ಐದು ದಿನ ಹೊರಗಿನ ದಿನದ ಸರಾಸರಿ 8 ಡಿಗ್ರಿಗಿಂತ ಕೆಳಗಿದ್ದರೆ ಶುರು ಮಾಡುತ್ತಾರೆ. ಅಲ್ಲಿಯವರೆಗೆ ಮನೆಯೊಳಗೆ ಸ್ವೆಟರ್ ಹಾಕಿಕೊಂಡು ಕಾಯೋದು. ಬೇಸಿಗೆಯಲ್ಲಿ ಪೈಪು ಪರೀಕ್ಷೆ ಮಾಡಲು ಬಡಾವಣೆಗೊಂದು ಸರದಿಯಂತೆ ಬಿಸಿನೀರು ನಿಲ್ಲಿಸುತ್ತಾರೆ, ಹೆಚ್ಚೆಂದರೆ ಎರಡು ವಾರ. ಆ ದಿನಗಳಲ್ಲಿ ಪಾತ್ರೆಯಲ್ಲಿ ನೀರು ಕಾಯಿಸಿಕೊಳ್ಳುತ್ತಾರೆ, ಇಲ್ಲಾಂದ್ರೆ ಸರದಿ ಬಾರದ ಬಡಾವಣೆಯ ನೆಂಟರ ಮನೆಗೆ ಟವೆಲ್ ಹಿಡಿದು ಸ್ನಾನಕ್ಕೆ ಹೋಗುತ್ತಾರೆ.

ಹಿಮದ ಮಧ್ಯೆ ಒಂದು ಗೆರೆಯಷ್ಟು ಮಾತ್ರ ಒದ್ದೆ ಮಣ್ಣು ಕಂಡರೆ ಅದರ ಕೆಳಗೆ ಪೈಪು ಇದೆ ಅಂತ ಅರ್ಥ. ಬೀದಿ ನಾಯಿಗಳಿಗೆ ಅದು ನಮಗಿಂತ ಚೆನ್ನಾಗಿ ಗೊತ್ತು. ಪೈಪಿನ ಗುಂಡಿಯ ಮುಚ್ಚಳದ ಮೇಲೆಯೇ ಸುತ್ತಿಕೊಂಡು ಮಲಗಿರುತ್ತವೆ.

ಈಗ ಆ "ಒಂದೇ ಥರದ" ಕಟ್ಟಡಗಳಿಗೆ ಬರೋಣ. ನನಗೆ ಈ ವಿಷಯ ತುಂಬಾ ಮುಖ್ಯ, ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಐದು ಮಹಡಿ, ಸಪಾಟು ಗೋಡೆ, ಅಲಂಕಾರ ಏನೂ ಇಲ್ಲ, ಗೋಡೆಯ ಮೇಲೆ ಚೌಕ ಚೌಕವಾಗಿ ಕಪ್ಪು ಗೆರೆ. ರಷ್ಯಾದ ಯಾವ ಊರಿಗೆ ಹೋದರೂ ಇವು ಸಿಗುತ್ತವೆ. ಜನ ಇವನ್ನು ಖ್ರುಶ್ಚೋವ್ಕಾ ಅನ್ನುತ್ತಾರೆ, ಸೋವಿಯತ್ ನಾಯಕ ನಿಕಿತಾ ಖ್ರುಶ್ಚೇವ್ ಹೆಸರಿನಿಂದ ಬಂದದ್ದು. ಇವು ಯಾಕೆ ಹುಟ್ಟಿದವು ಅಂತ ತಿಳಿಯಬೇಕಾದರೆ ಅದಕ್ಕೂ ಮೊದಲು ಜನ ಹೇಗಿದ್ದರು ಅಂತ ನೋಡಬೇಕು. 1917ರ ಕ್ರಾಂತಿಯ ನಂತರ ನಗರದ ದೊಡ್ಡ ಮನೆಗಳನ್ನು ಕೋಣೆ ಕೋಣೆಯಾಗಿ ಹಂಚಿದರು. ಒಂದು ಕೋಣೆಗೆ ಒಂದು ಸಂಸಾರ. ಅಡುಗೆಮನೆ, ಬಚ್ಚಲು, ಕಕ್ಕಸು ಎಲ್ಲರಿಗೂ ಸೇರಿ. ಕೊಮ್ಮುನಾಲ್ಕಾ ಅಂತ ಅದರ ಹೆಸರು. ನಮ್ಮ ಹಳೇ ಬೆಂಗಳೂರಿನ, ಮೈಸೂರಿನ ವಠಾರ ಕಂಡವರಿಗೆ ಅರ್ಧ ಅರ್ಥವಾಗುತ್ತದೆ. ಆದರೆ ವಠಾರದಲ್ಲಿ ಪ್ರತಿ ಮನೆಗೂ ಅದರದೇ ಒಲೆ ಇರುತ್ತಿತ್ತಲ್ಲ, ಇಲ್ಲಿ ಅದೂ ಒಂದೇ ಅಡುಗೆಮನೆಯಲ್ಲಿ ಸಾಲಾಗಿ. ಹಳ್ಳಿಯಿಂದ ಕಾರ್ಖಾನೆಗೆ ಬಂದ ಜನ ಜಾಸ್ತಿಯಾದರು, ಎರಡನೇ ಮಹಾಯುದ್ಧದಲ್ಲಿ ಊರೂರೇ ನೆಲಸಮವಾದವು. ಬದುಕಿ ಬಂದವರಿಗೆ ತಲೆಯ ಮೇಲೆ ಸೂರು ಬೇಕಿತ್ತು.

ಸ್ಟಾಲಿನ್ ಕಾಲದಲ್ಲಿ ಕಟ್ಟಿದ್ದು ಚೆಂದದ ಮನೆಗಳು. ಎತ್ತರದ ಚಾವಣಿ, ಕಂಬ, ಹೂಬಳ್ಳಿ. ಮಾಸ್ಕೋದ ಆ ಏಳು ಗೋಪುರ ಕಟ್ಟಡಗಳೂ ಆಗಿನವು. 1953ರಲ್ಲಿ ಮುಗಿದ ವಿಶ್ವವಿದ್ಯಾಲಯದ ಕಟ್ಟಡ ಒಂದೇ 240 ಮೀಟರ್ ಎತ್ತರ ಇದೆ. ಆದರೆ ಆ ವೇಗದಲ್ಲಿ, ಆ ಖರ್ಚಿನಲ್ಲಿ ಕೋಟಿಗಟ್ಟಲೆ ಜನಕ್ಕೆ ಮನೆ ಕೊಡಲು ಆಗುವುದಿಲ್ಲ. 1954ರ ಡಿಸೆಂಬರಿನಲ್ಲಿ ಖ್ರುಶ್ಚೇವ್ ಕಟ್ಟಡ ಕೆಲಸದವರ ಸಮ್ಮೇಳನದಲ್ಲಿ ಇದನ್ನೇ ಕಟುವಾಗಿ ಹೇಳಿದರು. ಮುಂದಿನ ವರ್ಷ ಕಟ್ಟಡಗಳಲ್ಲಿನ ದುಂದನ್ನು ನಿಲ್ಲಿಸುವ ಆದೇಶ ಬಂತು. 1957ರಲ್ಲಿ ಪ್ರತಿ ಸಂಸಾರಕ್ಕೂ ಪ್ರತ್ಯೇಕ ಮನೆ ಅನ್ನುವ ಗುರಿ ಇಟ್ಟುಕೊಂಡರು. ವಿತಾಲಿ ಲಗುತೆಂಕೊ ಅನ್ನುವ ಎಂಜಿನಿಯರ್ ಕೆ-7 ಅನ್ನುವ ಮಾದರಿ ರೂಪಿಸಿದರು. ಗೋಡೆಗಳನ್ನು ಕಾರ್ಖಾನೆಯಲ್ಲಿ ಕಾಂಕ್ರೀಟಿನಲ್ಲಿ ಎರಕ ಹೊಯ್ದು, ಲಾರಿಯಲ್ಲಿ ತಂದು, ಕ್ರೇನಿನಿಂದ ಎತ್ತಿ ಜೋಡಿಸೋದು. ಫೋಟೋದ ಆ ಕಪ್ಪು ಗೆರೆಗಳು ಆ ಹಲಗೆಗಳ ನಡುವಿನ ಸಂದುಗಳು. ಗಾಳಿ, ನೀರು ನುಗ್ಗದ ಹಾಗೆ ತುಂಬಿದ ಮೆತ್ತಿಗೆ ಅದು.

ಐದೇ ಮಹಡಿ ಯಾಕೆ? ಅದಕ್ಕಿಂತ ಮೇಲೆ ಹೋದರೆ ನಿಯಮದ ಪ್ರಕಾರ ಲಿಫ್ಟ್ ಹಾಕಬೇಕು. ಲಿಫ್ಟ್ ಅಂದರೆ ಖರ್ಚು, ತಡ. ಹಾಗಾಗಿ ಐದಕ್ಕೇ ನಿಂತಿತು. ಚಾವಣಿ ಎರಡೂವರೆ ಮೀಟರ್. ಅಡುಗೆಮನೆ ಐದಾರು ಚದರ ಮೀಟರ್.

ಮಾಸ್ಕೋದಲ್ಲಿ ನಾನು ಉಳಿದದ್ದು ಚೆರ್ಯೊಮುಷ್ಕಿ ಕಡೆಯ ಇಂಥದ್ದೇ ಒಂದು ಮನೆಯಲ್ಲಿ. ಈ ಪ್ರಯೋಗ ಶುರುವಾದ ಜಾಗವೇ ಅದು. ಕೋಣೆ ಬಾಡಿಗೆಗೆ ಕೊಟ್ಟವರು ಎಪ್ಪತ್ತು ದಾಟಿದ ಅಮ್ಮ. ಅವರ ಅಡುಗೆಮನೆಯಲ್ಲಿ ನಾನು ಎರಡೂ ಕೈ ಚಾಚಿದರೆ ಎರಡೂ ಗೋಡೆ ಮುಟ್ಟಲು ಸ್ವಲ್ಪವೇ ಬಾಕಿ. ಕಿಟಕಿಯ ಕೆಳಗೆ ಗೋಡೆಯಲ್ಲೇ ಒಂದು ಕಪಾಟು. ಅಲ್ಲಿ ಹೊರಗೋಡೆಯನ್ನು ತೆಳ್ಳಗೆ ಬಿಟ್ಟಿರುತ್ತಾರೆ, ಚಳಿಗಾಲದಲ್ಲಿ ಅದೇ ಫ್ರಿಜ್ಜು. ಅದರೊಳಗೆ ಗಾಜಿನ ಜಾಡಿಗಳು ಸಾಲಾಗಿ ಇದ್ದವು. ಸೌತೆಕಾಯಿ, ಟೊಮೆಟೊ, ಅಣಬೆ, ಎಲ್ಲದರ ಮೇಲೂ ಸಬ್ಬಸಿಗೆ ಸೊಪ್ಪಿನ ತೆನೆ. ಅಡುಗೆಮನೆಗೂ ಬಚ್ಚಲಿಗೂ ನಡುವಿನ ಗೋಡೆಯಲ್ಲಿ, ಚಾವಣಿಯ ಹತ್ತಿರ ಒಂದು ಕಿಟಕಿ. ಹಗಲಿನ ಬೆಳಕು ಬಚ್ಚಲಿಗೂ ಬರಲಿ ಅಂತ. ಬಾಗಿಲಲ್ಲೇ ಚಪ್ಪಲಿ ಬಿಡೋದು ನಮ್ಮ ಹಾಗೇ, ಆದರೆ ಒಳಗೆ ಹಾಕಿಕೊಳ್ಳಲು ಬೇರೆ ಮೆತ್ತನೆಯ ಚಪ್ಪಲಿ ಕೊಡುತ್ತಾರೆ. ಬಂದ ನೆಂಟರಿಗೆ ಅಂತಲೇ ನಾಲ್ಕೈದು ಜೊತೆ ಇಟ್ಟಿರುತ್ತಾರೆ.

ಒಂದು ರಾತ್ರಿ ಚಹಾ ಕುಡಿಯುತ್ತಾ, ಮೊಬೈಲಿನ ಅನುವಾದದ ಸಹಾಯದಿಂದ, ಈ ಮನೆ ಚಿಕ್ಕದು ಅನಿಸಲಿಲ್ಲವೇ ಅಂತ ಅವರನ್ನು ಕೇಳಿದೆ. ಅವರು ಆರು ವರ್ಷದವರಿದ್ದಾಗ ಇಲ್ಲಿಗೆ ಬಂದರಂತೆ. ಅದಕ್ಕೂ ಮೊದಲು ಐದು ಜನ ಒಂದೇ ಕೋಣೆಯಲ್ಲಿ, ಅಡುಗೆಮನೆಗೆ ಏಳು ಸಂಸಾರ. "ಬಂದ ದಿನ ಅಮ್ಮ ಈ ಅಡುಗೆಮನೆಯ ಬಾಗಿಲು ಹಾಕಿದರು. ತೆಗೆದರು. ಮತ್ತೆ ಹಾಕಿದರು. ಆಮೇಲೆ ಅತ್ತರು," ಅಂದರು. ಅವರು ತೋರಿಸಿದ ಬಾಗಿಲು ಇನ್ನೂ ಅದೇ. ಬಿಳಿ ಬಣ್ಣ ಹತ್ತಾರು ಸಲ ಬಳಿದು ಅಂಚುಗಳು ದುಂಡಾಗಿವೆ. ಅದರ ಹಿಡಿಯ ಫೋಟೋ ತೆಗೆದುಕೊಂಡೆ. ಬೂದು ಕಟ್ಟಡ ಅಂದವರಿಗೆ ನಾನು ಮೊದಲು ತೋರಿಸುವುದು ಆ ಹಿಡಿಯನ್ನೇ.

ಆ ಪುಟ್ಟ ಅಡುಗೆಮನೆಯೇ ಆ ದೇಶದ ಜಗಲಿಯೂ ಆಯಿತು. ಬೇರೆ ಕಿವಿ ಇಲ್ಲದ ಕಡೆ ಕೂತು ಮಾತಾಡುವ ಅವಕಾಶ ಎಷ್ಟೋ ಜನಕ್ಕೆ ಸಿಕ್ಕಿದ್ದೇ ಆಗ. ರಾಜಕೀಯ, ಕವಿತೆ, ಗಿಟಾರ್, ಹರಟೆ ಎಲ್ಲವೂ ಅಲ್ಲೇ ನಡೆಯುತ್ತಿತ್ತು. ಇವತ್ತಿಗೂ ಹತ್ತಿರದವರನ್ನು ಅವರು ಕೂರಿಸುವುದು ಹಜಾರದಲ್ಲಿ ಅಲ್ಲ, ಅಡುಗೆಮನೆಯ ಮೇಜಿನ ಹತ್ತಿರ.

ಹಾಗಂತ ಈ ಮನೆಗಳು ಚೆನ್ನಾಗಿವೆ ಅಂತ ನಾನು ಹೇಳುತ್ತಿಲ್ಲ. ಗೋಡೆ ತೆಳು, ಪಕ್ಕದ ಮನೆಯವರ ಕೆಮ್ಮೂ ಕೇಳಿಸುತ್ತದೆ. ವಯಸ್ಸಾದವರಿಗೆ ಐದನೇ ಮಹಡಿ ದೊಡ್ಡ ಕಷ್ಟ. ಮಾಸ್ಕೋದಲ್ಲಿ 2017ರಿಂದ ಇಂತಹ 5 ಸಾವಿರಕ್ಕೂ ಹೆಚ್ಚು ಕಟ್ಟಡಗಳನ್ನು ಕೆಡವಿ, ಅಲ್ಲಿನವರಿಗೆ ಹೊಸ ಎತ್ತರದ ಕಟ್ಟಡಗಳಲ್ಲಿ ಮನೆ ಕೊಡುವ ಯೋಜನೆ ನಡೆಯುತ್ತಿದೆ. ಹತ್ತು ಲಕ್ಷಕ್ಕೂ ಹೆಚ್ಚು ಜನರ ವಿಷಯ ಅದು. ಕೆಲವರಿಗೆ ಖುಷಿ, ಕೆಲವರಿಗೆ ಸಂಕಟ. ಸಂಕಟ ಯಾಕೆ ಅಂದರೆ ಅಂಗಳ ಹೋಗುತ್ತದೆ.

ಅಂಗಳ. ಅವರ ಭಾಷೆಯಲ್ಲಿ ದ್ವೋರ್. ನಾನು ಮುಖ ಒಳಗಡೆ ಇದೆ ಅಂದಿದ್ದು ಇದನ್ನೇ. ನಾಲ್ಕೈದು ಕಟ್ಟಡಗಳು ಸುತ್ತ ನಿಂತು ನಡುವೆ ಒಂದು ಬಯಲು ಬಿಟ್ಟಿರುತ್ತವೆ. ಎಷ್ಟೋ ಕಟ್ಟಡಗಳ ಬಾಗಿಲು ಬೀದಿಗೆ ಇರುವುದೇ ಇಲ್ಲ, ಅಂಗಳಕ್ಕೆ ಇರುತ್ತದೆ. ಅಲ್ಲಿ ದೊಡ್ಡ ಮರಗಳು, ಕಟ್ಟುವಾಗ ನೆಟ್ಟ ಸಸಿಗಳೇ ಈಗ ಐದು ಮಹಡಿ ದಾಟಿವೆ. ಜೋಕಾಲಿ, ಮರಳು ಗುಂಡಿ, ಒಂದು ಕಬ್ಬಿಣದ ಅಡ್ಡಪಟ್ಟಿ. ಈ ಪಟ್ಟಿ ಯಾಕೆ ಅಂತ ನನಗೆ ಮೊದಲು ಗೊತ್ತಾಗಲಿಲ್ಲ. ಜಮಖಾನ ಹಾಕಿ ದೂಳು ಬಡಿಯಲು ಅದು. ಚಳಿಗಾಲದಲ್ಲಿ ಜಮಖಾನವನ್ನು ಹೊಸ ಹಿಮದ ಮೇಲೆ ಬೋರಲಾಗಿ ಹಾಸಿ ಬಡಿದರೆ ದೂಳೆಲ್ಲ ಹಿಮಕ್ಕೆ ಅಂಟುತ್ತದೆ. ಎತ್ತಿದರೆ ಬಿಳಿ ನೆಲದ ಮೇಲೆ ಜಮಖಾನದ ಅಳತೆಯ ಬೂದು ಚೌಕ ಉಳಿಯುತ್ತದೆ. ಒಂದು ಬೆಳಿಗ್ಗೆ ಅಂತಹ ಮೂರು ಚೌಕ ನೋಡಿದೆ.

ಪ್ರತಿ ಬಾಗಿಲಿನ ಪಕ್ಕ ಒಂದು ಬೆಂಚು. ಅದರ ಮೇಲೆ ಬಾಬುಷ್ಕಾಗಳು, ಅಂದರೆ ಅಜ್ಜಿಯರು. ನಮ್ಮ ಹಳ್ಳಿಯ ಅರಳಿಕಟ್ಟೆಯ ಹಾಗೆ ಯಾರು ಬಂದರು, ಯಾರು ಹೋದರು ಎಲ್ಲಾ ಅವರಿಗೆ ಗೊತ್ತು. ಕ್ಯಾಮೆರಾ ಹಿಡಿದ ನನ್ನನ್ನೂ ವಿಚಾರಿಸಿಕೊಂಡರು. ಯಾರ ಮನೆಗೆ ಬಂದಿದ್ದೀಯ, ಟೋಪಿ ಯಾಕೆ ಹಾಕಿಲ್ಲ, ಮೊದಲು ಟೋಪಿ ಹಾಕು. ಅಷ್ಟು ಹೇಳಿದ ಮೇಲೆಯೇ ಫೋಟೋಗೆ ಒಪ್ಪಿದ್ದು.

ಬಾಗಿಲು ದಾಟಿದರೆ ಎರಡನೇ ಬಾಗಿಲು ಬರುತ್ತದೆ. ನಡುವಿನ ಸಣ್ಣ ಜಾಗ ಚಳಿಯನ್ನು ತಡೆಯುತ್ತದೆ. ಮೆಟ್ಟಿಲ ಗೋಡೆಗೆ ಅರ್ಧದವರೆಗೆ ಹಸಿರೋ ನೀಲಿಯೋ ಎಣ್ಣೆ ಬಣ್ಣ, ಮೇಲರ್ಧ ಸುಣ್ಣ. ನಮ್ಮ ಸರ್ಕಾರಿ ಶಾಲೆ, ಆಸ್ಪತ್ರೆಗಳಲ್ಲಿ ಇರುತ್ತದಲ್ಲ, ಹಾಗೇ. ಕೈ ತಾಗುವ ಎತ್ತರದವರೆಗೆ ಒರೆಸಿ ತೊಳೆಯಲು ಬರಲಿ ಅಂತ. ಇನ್ನೊಂದು ವಿಷಯ, ಅಲ್ಲಿ ಒಂದನೇ ಮಹಡಿ ಅಂದರೆ ನೆಲಮಹಡಿ. ಮೂರನೇ ಮಹಡಿ ಅಂತ ವಿಳಾಸ ಕೊಟ್ಟರೆ ನಮ್ಮ ಲೆಕ್ಕದಲ್ಲಿ ಎರಡೇ.

ಪೀಟರ್ಸ್‌ಬರ್ಗಿನ ನಡುಭಾಗ ಮಾತ್ರ ಬೇರೆ ಥರ. 1703ರಲ್ಲಿ ಶುರುವಾದ ಊರು, ಬೀದಿಗಳೆಲ್ಲ ನೇರ, ಚಾವಣಿಗಳೆಲ್ಲ ಹೆಚ್ಚೂಕಡಿಮೆ ಒಂದೇ ಎತ್ತರ. ಅದಕ್ಕೆ ಕಾರಣ 1844ರಲ್ಲಿ ಚಕ್ರವರ್ತಿ ಒಂದನೇ ನಿಕೊಲಾಯ್ ಮಾಡಿದ ನಿಯಮ. ಖಾಸಗಿ ಮನೆ ಯಾವುದೂ ಚಳಿಗಾಲದ ಅರಮನೆಗಿಂತ ಎತ್ತರ ಇರಬಾರದು. ಮೇಲಕ್ಕೆ ಹೋಗಲು ಆಗದವರು ಹಿಂದಕ್ಕೆ ಕಟ್ಟಿದರು. ಒಂದರ ಹಿಂದೆ ಒಂದು ಅಂಗಳ, ಅದರ ಹಿಂದೆ ಇನ್ನೊಂದು. ಕೊನೆಕೊನೆಯ ಅಂಗಳಗಳು ಎಷ್ಟು ಕಿರಿದು ಅಂದರೆ ಅವಕ್ಕೆ ಬಾವಿ ಅಂಗಳ ಅನ್ನುತ್ತಾರೆ. ಅಲ್ಲಿ ನಿಂತು ನೇರ ಮೇಲಕ್ಕೆ ಕ್ಯಾಮೆರಾ ಹಿಡಿದರೆ ಗೋಡೆಗಳ ನಡುವೆ ಅಂಗೈ ಅಗಲದ ಆಕಾಶ.

ಇನ್ನು ಮೆಟ್ರೋ. ಮಾಸ್ಕೋ ಮೆಟ್ರೋ ಶುರುವಾಗಿದ್ದು 1935ರ ಮೇ 15ರಂದು, 13 ನಿಲ್ದಾಣ. ಅರಮನೆಯಂತಹ ನಿಲ್ದಾಣಗಳ ಫೋಟೋ ಎಲ್ಲರೂ ನೋಡಿರುತ್ತೀರಿ. ಅಮೃತಶಿಲೆ, ತೂಗುದೀಪ, ಮೊಸಾಯಿಕ್ ಚಿತ್ರ. ಮನೆಯಲ್ಲಿ ಒಂದೇ ಕೋಣೆ ಇದ್ದ ಜನಕ್ಕೆ ನೆಲದಡಿಯಲ್ಲಿ ಅರಮನೆ ಕೊಟ್ಟ ಕಾಲ ಅದು. ನನಗೆ ಇಷ್ಟವಾದದ್ದು ಕ್ರಾಂತಿ ಚೌಕ ಅನ್ನುವ ನಿಲ್ದಾಣ. 1938ರದ್ದು. ಕಮಾನುಗಳ ಮೂಲೆಯಲ್ಲಿ 76 ಕಂಚಿನ ಮೂರ್ತಿಗಳು, ಶಿಲ್ಪಿ ಮತ್ವೇಯ್ ಮಾನಿಜೆರ್. ಸೈನಿಕ, ರೈತ, ಓದುವ ಹುಡುಗಿ. ಅದರಲ್ಲಿ ಗಡಿ ಕಾಯುವವನ ಜೊತೆ ಒಂದು ನಾಯಿ ಇದೆ. ಮೈಯೆಲ್ಲ ಕಪ್ಪು ಕಂಚು, ಮೂಗು ಮಾತ್ರ ಚಿನ್ನದ ಹಾಗೆ ಹೊಳೆಯುತ್ತದೆ. ದಾಟಿ ಹೋಗುವವರು ಅದರ ಮೂಗು ಸವರಿ ಹೋಗುತ್ತಾರೆ, ಪರೀಕ್ಷೆಗೆ ಹೊರಟ ವಿದ್ಯಾರ್ಥಿಗಳಂತೂ ತಪ್ಪಿಸುವುದೇ ಇಲ್ಲ. ನಾನು ಅರ್ಧ ಗಂಟೆ ನಿಂತು ಮೂಗಿನ ಮೇಲೆ ಬರುವ ಕೈಗಳನ್ನಷ್ಟೇ ಫೋಟೋ ತೆಗೆದೆ. ಗ್ಲೌಸಿನ ಕೈ, ಬರೀ ಕೈ, ಅಪ್ಪನ ಹೆಗಲ ಮೇಲಿಂದ ಚಾಚಿದ ಮಗುವಿನ ಕೈ. ಒಬ್ಬರು ನಡಿಗೆ ನಿಲ್ಲಿಸದೆ, ಮೊಬೈಲಿನಿಂದ ಕಣ್ಣೂ ಎತ್ತದೆ ಸವರಿ ಹೋದರು.

ಫೋಟೋದಲ್ಲಿ ಬಾರದ ಒಂದು ವಿಷಯ ದನಿ. ಊರಿನ ನಡುಭಾಗದ ಕಡೆ ಹೋಗುವ ರೈಲಿನಲ್ಲಿ ನಿಲ್ದಾಣದ ಹೆಸರು ಹೇಳುವುದು ಗಂಡಸಿನ ದನಿ. ನಡುಭಾಗದಿಂದ ಹೊರಗೆ ಹೋಗುವಾಗ ಹೆಂಗಸಿನ ದನಿ. ವರ್ತುಲ ಮಾರ್ಗದಲ್ಲಿ ಗಡಿಯಾರದ ದಿಕ್ಕಿಗೆ ಗಂಡಸು, ವಿರುದ್ಧ ದಿಕ್ಕಿಗೆ ಹೆಂಗಸು. ಕಣ್ಣು ಕಾಣದವರಿಗೆ ತಪ್ಪು ರೈಲು ಹತ್ತಿದ್ದು ಕಿವಿಯಿಂದಲೇ ಗೊತ್ತಾಗುತ್ತದೆ. ಎಂಥ ಸರಳ ಉಪಾಯ ಅಲ್ವಾ? ಪೀಟರ್ಸ್‌ಬರ್ಗಿನ ಮೆಟ್ರೋ ತುಂಬಾ ಆಳ, ಅಡ್ಮಿರಲ್ತೇಯ್‌ಸ್ಕಯಾ ನಿಲ್ದಾಣ 86 ಮೀಟರ್ ಕೆಳಗಿದೆ. ಮೇಲಿನ ನೆಲ ಕೆಸರು, ಗಟ್ಟಿ ಜೇಡಿ ಸಿಗುವವರೆಗೆ ಇಳಿಯಲೇಬೇಕಿತ್ತು. ಎಸ್ಕಲೇಟರಿನಲ್ಲಿ ಇಳಿಯುವ ಹೊತ್ತಿಗೆ ಜನ ಪುಸ್ತಕದ ಒಂದೆರಡು ಪುಟ ಓದಿ ಮುಗಿಸುತ್ತಾರೆ.

ಸುಜ್ದಾಲ್‌ಗೆ ಹೋದರೆ ಇದೆಲ್ಲ ಮರೆತೇ ಹೋಗುತ್ತದೆ. ವ್ಲಾದಿಮಿರ್‌ನಿಂದ 26 ಕಿಲೋಮೀಟರ್ ಬಸ್ಸು. ಹತ್ತು ಸಾವಿರದ ಆಸುಪಾಸು ಜನ. ಚರ್ಚಿನ ನೀಲಿ ಗುಮ್ಮಟಗಳ ಮೇಲೆ ಚಿನ್ನದ ನಕ್ಷತ್ರ. 1862ರಲ್ಲಿ ಮಾಸ್ಕೋದಿಂದ ನಿಜ್ನಿ ನೊವ್‌ಗೊರೊದ್‌ಗೆ ರೈಲು ಬಂದಾಗ ಅದು ವ್ಲಾದಿಮಿರ್ ಮೂಲಕ ಹೋಯಿತು, ಸುಜ್ದಾಲ್ ಪಕ್ಕಕ್ಕೆ ಉಳಿಯಿತು. ರೈಲು ಬರಲಿಲ್ಲ, ಕಾರ್ಖಾನೆಯೂ ಬರಲಿಲ್ಲ. ಆಗಿನವರಿಗೆ ಅದು ನಷ್ಟವೇ. ಆದರೆ ಮರದ ಮನೆಗಳು ಉಳಿದುಕೊಂಡವು.

ಆ ಮನೆಗಳ ಕಿಟಕಿಗಳನ್ನು ನೋಡಬೇಕು. ಸುತ್ತಲೂ ಕೆತ್ತನೆಯ ಚೌಕಟ್ಟು, ಬಿಳಿ, ನೀಲಿ, ಹಸಿರು ಬಣ್ಣದಲ್ಲಿ. ನಲೀಚ್ನಿಕ್ ಅಂತ ಹೆಸರು. ಬರೀ ಅಲಂಕಾರ ಅಂದುಕೊಂಡಿದ್ದೆ, ಅಲ್ಲ. ಮರದ ದಿಮ್ಮಿಯ ಗೋಡೆ ವರ್ಷ ಕಳೆದಂತೆ ಒಣಗಿ ಕುಗ್ಗುತ್ತದೆ, ಕೆಳಗಿಳಿಯುತ್ತದೆ. ಹಾಗಾಗಿ ಕಿಟಕಿಯ ಸುತ್ತ ಸಂದು ಬಿಡಲೇಬೇಕು. ಆ ಸಂದಿಗೆ ನಾರು, ಪಾಚಿ ತುರುಕುತ್ತಾರೆ. ಆದರೂ ಗಾಳಿ ನುಗ್ಗುತ್ತದೆ. ಅದನ್ನು ಮುಚ್ಚಲು ಹೊಡೆದ ಹಲಗೆಯೇ ಈ ಚೌಕಟ್ಟು. ಹಲಗೆ ಹೇಗೂ ಇದೆಯಲ್ಲ, ಬಡಗಿ ಅದರಲ್ಲಿ ಸೂರ್ಯ, ಹಕ್ಕಿ, ಬಳ್ಳಿ ಕೆತ್ತಿದ. ಒಂದು ಬೀದಿಯಲ್ಲಿ ಇಪ್ಪತ್ತು ಮನೆ ಇದ್ದರೆ ಇಪ್ಪತ್ತು ಥರ. ಒಳಗಡೆ ಗಾಜಿನ ಹಿಂದೆ ಕೆಂಪು ಹೂವಿನ ಕುಂಡ, ಅದರ ಪಕ್ಕ ಬೆಕ್ಕು.

ಸುಜ್ದಾಲ್‌ನ ಫೋಟೋ ಅಂದಾಗ ಒಬ್ಬರ ಹೆಸರು ಹೇಳಲೇಬೇಕು. ಸೆರ್ಗೇಯ್ ಪ್ರೊಕೂದಿನ್-ಗೋರ್ಸ್ಕಿ. ಅವರು 1912ರಲ್ಲಿ ಇದೇ ಊರನ್ನು ಬಣ್ಣದಲ್ಲಿ ಫೋಟೋ ತೆಗೆದಿದ್ದರು. ಹೌದು, ಬಣ್ಣದಲ್ಲಿ. ಅವರ ವಿಧಾನ ಹೀಗೆ: ಉದ್ದನೆಯ ಗಾಜಿನ ಫಲಕದ ಮೇಲೆ ಒಂದೇ ದೃಶ್ಯವನ್ನು ಬೇಗ ಬೇಗ ಮೂರು ಸಲ ಕಪ್ಪು-ಬಿಳುಪಿನಲ್ಲಿ ಹಿಡಿಯೋದು. ಒಮ್ಮೆ ನೀಲಿ ಗಾಜಿನ ಮೂಲಕ, ಒಮ್ಮೆ ಹಸಿರು, ಒಮ್ಮೆ ಕೆಂಪು. ಆಮೇಲೆ ಮೂರನ್ನೂ ಅದೇ ಬಣ್ಣದ ಬೆಳಕಿನಲ್ಲಿ ಒಂದರ ಮೇಲೊಂದು ಪರದೆಯ ಮೇಲೆ ಬಿಟ್ಟರೆ ನಿಜವಾದ ಬಣ್ಣ ಮೂಡುತ್ತದೆ. ಎರಡನೇ ನಿಕೊಲಾಯ್ ಚಕ್ರವರ್ತಿ ಅವರಿಗೆ ಫೋಟೋ ತೊಳೆಯುವ ಕತ್ತಲೆ ಕೋಣೆ ಇರುವ ರೈಲು ಬೋಗಿಯನ್ನೇ ಕೊಟ್ಟಿದ್ದರು. 1909ರಿಂದ 1915ರವರೆಗೆ ಅವರು ದೇಶ ಸುತ್ತಿದರು. ಕ್ರಾಂತಿಯ ನಂತರ ದೇಶ ಬಿಟ್ಟರು. ಆ ಗಾಜಿನ ಫಲಕಗಳನ್ನು 1948ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅವರ ವಾರಸುದಾರರಿಂದ ಕೊಂಡಿತು, ಈಗ ಯಾರು ಬೇಕಾದರೂ ನೋಡಬಹುದು. ಮೂರು ಚಿತ್ರಗಳ ನಡುವಿನ ಹೊತ್ತಿನಲ್ಲಿ ಯಾರಾದರೂ ಅಲುಗಿದರೆ ಅವರ ಅಂಚಿನಲ್ಲಿ ಕೆಂಪು, ನೀಲಿ ನೆರಳು ಉಳಿಯುತ್ತದೆ. ಕಟ್ಟಡಗಳು ಅಚ್ಚುಕಟ್ಟು, ಹರಿಯುವ ನೀರು ಮಾತ್ರ ಕಾಮನಬಿಲ್ಲಿನ ಹಾಗೆ ಚೆಲ್ಲಾಪಿಲ್ಲಿ. ನೂರು ವರ್ಷದ ಹಿಂದೆ ಯಾವುದು ಅಲುಗಿತ್ತು ಅನ್ನೋದು ಆ ಬಣ್ಣದಲ್ಲಿ ಉಳಿದಿದೆ. ನನಗೆ ಆ ನೆರಳುಗಳೇ ಜಾಸ್ತಿ ಇಷ್ಟ.

ನೀವೂ ಹೋಗುವುದಾದರೆ ಕ್ಯಾಮೆರಾ ಬಗ್ಗೆ ಮೂರು ಮಾತು. ಚಳಿಗೆ ಬ್ಯಾಟರಿ ಬೇಗ ಸಾಯುತ್ತದೆ. ಇನ್ನೊಂದನ್ನು ಅಂಗಿಯ ಒಳಜೇಬಿನಲ್ಲಿ ಮೈಗೆ ತಾಗಿಸಿ ಇಟ್ಟುಕೊಳ್ಳಿ. ಹೊರಗಿಂದ ಬೆಚ್ಚನೆಯ ಕೋಣೆಗೆ ಬರುವ ಮೊದಲೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಇಲ್ಲಾಂದ್ರೆ ಲೆನ್ಸಿನ ಒಳಗೆ ನೀರಾಡುತ್ತದೆ. ಹಿಮ ಫೋಟೋದಲ್ಲಿ ಬೂದು ಬರುತ್ತದೆ, ಅಷ್ಟೊಂದು ಬಿಳಿ ಕಂಡು ಕ್ಯಾಮೆರಾ ತಾನೇ ಬೆಳಕು ತಗ್ಗಿಸುತ್ತದೆ. ನೀವು ಕೈಯಾರೆ ಸ್ವಲ್ಪ ಏರಿಸಬೇಕು. ಬೂದು ಊರು ಅನ್ನುವ ಮಾತಿಗೆ ಇದೂ ಸ್ವಲ್ಪ ಕಾರಣ.

ಜನರ ಫೋಟೋ ತೆಗೆಯುವಾಗ "ಮೋಜ್ನೊ?" ಅಂತ ಕೇಳಿ. ತೆಗೆಯಬಹುದಾ ಅಂತ ಅರ್ಥ. ಅವರು ನಗುವುದಿಲ್ಲ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಗುರುತಿಲ್ಲದವರನ್ನು ನೋಡಿ ಸುಮ್ನೆ ನಗುವ ಅಭ್ಯಾಸ ಅಲ್ಲಿಲ್ಲ. ಪರಿಚಯ ಆದ ಮೇಲೆ ನಗು ತಾನಾಗಿ ಬರುತ್ತದೆ, ಆಗ ಅದು ನಿಮಗೇ ಕೊಟ್ಟ ನಗು.

ಕೊನೆಗೆ ತ್ವೇರ್. ಮಾಸ್ಕೋದಿಂದ ಪೀಟರ್ಸ್‌ಬರ್ಗಿನ ದಾರಿಯಲ್ಲಿ ಸಿಗುವ ವೋಲ್ಗಾ ತೀರದ ಊರು. ಪ್ರವಾಸಿಗರು ಜಾಸ್ತಿ ಇಳಿಯುವುದಿಲ್ಲ. ನಾನು ಇಳಿದದ್ದು ಬೀದರಿನ ಕಾರಣಕ್ಕೆ. 15ನೇ ಶತಮಾನದಲ್ಲಿ ಈ ಊರಿನ ಅಫನಾಸಿ ನಿಕಿತಿನ್ ಅನ್ನುವ ವರ್ತಕ ದೋಣಿ ಹತ್ತಿ ಹೊರಟ. ವೋಲ್ಗಾದ ಕೆಳಹರಿವಿನಲ್ಲಿ ಅವನ ಸರಕನ್ನು ದೋಚಿದರು. ಬರಿಗೈಯಲ್ಲಿ ವಾಪಸ್ಸು ಹೋಗಲಾರದೆ ಪರ್ಷಿಯಾ ದಾಟಿ, ಒಂದು ಕುದುರೆ ತೆಗೆದುಕೊಂಡು, ಹಡಗಿನಲ್ಲಿ ಈಗಿನ ಮಹಾರಾಷ್ಟ್ರದ ಚೌಲ್ ಬಂದರಿಗೆ ಬಂದ. ಅಲ್ಲಿಂದ ಜುನ್ನರ್, ಆಮೇಲೆ ಬಹಮನಿ ಸುಲ್ತಾನರ ರಾಜಧಾನಿ ಬೀದರ್. ಕುದುರೆಯನ್ನು ಮಾರಿದ್ದು ಬೀದರಿನಲ್ಲೇ. ಅವನ ಟಿಪ್ಪಣಿಗಳಲ್ಲಿ ಅರಮನೆಯ ಏಳು ಬಾಗಿಲುಗಳಿವೆ, ಪ್ರತಿ ಬಾಗಿಲಲ್ಲಿ ಕೂತ ಕಾವಲುಗಾರರೂ ಬರೆಯುವ ಗುಮಾಸ್ತರೂ ಇದ್ದಾರೆ, ಆನೆಗಳಿವೆ, ಬೆಳ್ಳಗಿನ ತನ್ನನ್ನು ನೋಡಲು ಹಿಂದೆ ಹಿಂದೆ ಬರುವ ಜನ ಇದ್ದಾರೆ. ವಾಪಸ್ಸು ಹೊರಟವನು ಊರು ಮುಟ್ಟಲಿಲ್ಲ, ಸ್ಮೊಲೆನ್ಸ್ಕ್ ತಲುಪುವ ಮೊದಲೇ ತೀರಿಕೊಂಡ.

ತ್ವೇರ್‌ನಲ್ಲಿ ವೋಲ್ಗಾದ ದಂಡೆಯ ಮೇಲೆ 1955ರಲ್ಲಿ ನಿಲ್ಲಿಸಿದ ಅವನ ಪ್ರತಿಮೆ ಇದೆ. ಪೀಠ ದೋಣಿಯ ಆಕಾರದ್ದು, ಮೂತಿಗೆ ಕುದುರೆಯ ತಲೆ. ನಾನು ಹೋದಾಗ ನದಿ ಪೂರ್ತಿ ಹೆಪ್ಪುಗಟ್ಟಿತ್ತು. ಅದರ ಮೇಲೆ ಅಲ್ಲೊಬ್ಬ ಇಲ್ಲೊಬ್ಬ ಗಂಡಸರು ಸಣ್ಣ ಪೆಟ್ಟಿಗೆಗಳ ಮೇಲೆ ಕೂತು, ಮಂಜುಗಡ್ಡೆಗೆ ತೂತು ಕೊರೆದು, ಮೊಳದುದ್ದದ ಗಾಳ ಬಿಟ್ಟಿದ್ದರು. ದಂಡೆಗೆ ಹತ್ತಿರ ಇದ್ದ ಒಬ್ಬ ಹಿರಿಯರನ್ನು ಮೋಜ್ನೊ ಅಂತ ಕೇಳಿದೆ. ಎಲ್ಲಿಂದ ಅಂದರು. ಭಾರತ ಅಂದೆ. ಅವರು ಗಾಳದ ಕೈಯನ್ನು ಎತ್ತದೆ, ತಲೆಯನ್ನಷ್ಟೇ ಪ್ರತಿಮೆಯ ಕಡೆ ತಿರುಗಿಸಿ ತೋರಿಸಿದರು. ಹೌದು, ನಮ್ಮ ಊರಿಗೆ ಬಂದಿದ್ದ ಅಂದೆ. ಪಕ್ಕದ ಪೆಟ್ಟಿಗೆ ನನ್ನ ಕಡೆ ತಳ್ಳಿ, ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಬಗ್ಗಿಸಿ ಕೊಟ್ಟರು. ಆ ಫೋಟೋದಲ್ಲಿ ಅವರ ಮುಖ ಬಂದಿಲ್ಲ. ಮುಚ್ಚಳ, ಅದನ್ನು ಹಿಡಿದ ಬೆರಳು, ಹಬೆ, ಹಿಂದೆ ಬಿಳಿ ನದಿ.